ಕಲೆಗೂ ಕಂತು

‘ಆರು ಸಿಟಿಂಗ್ ತೆಗೆದುಕೊಂಡರೆ ಒಂದು ಫ್ರೀ ಮೇಡಂ, ಇಎಂಐ ಕೂಡ ಇದೆ.’ ಪುಣೆಯ ಕ್ಲಿನಿಕ್ಕೊಂದರಲ್ಲಿ, ಮೊಡವೆಗಳು ನನ್ನ ಕೆನ್ನೆಯಲ್ಲಿ ಬಿಟ್ಟುಹೋದ ತಗ್ಗುಗಳನ್ನು ಮೊದಲು ನೋಡಿದ್ದು ವೈದ್ಯರಲ್ಲ, ಟ್ಯಾಬ್ ಹಿಡಿದ ‘ಕೌನ್ಸೆಲರ್’. ವೈದ್ಯರು ಬಂದದ್ದು ನಾನು ಸಹಿ ಹಾಕಿದ ಮೇಲೆ. ಎರಡು ನಿಮಿಷ ಇದ್ದರು.

ಎರಡನೇ ಸಿಟಿಂಗ್ ಮುಗಿದು ಮೂರು ವಾರಕ್ಕೆ ಕೆನ್ನೆ ಮೊದಲಿಗಿಂತ ಕಪ್ಪಾಯಿತು. ‘ನೀವು ಬಿಸಿಲಿಗೆ ಹೋಗಿರಬೇಕು’ ಅಂದರು. ಹೋಗದೆ? ನಾನು ದಿನಾ ಹಿಂಜವಾಡಿಗೆ ಸ್ಕೂಟಿಯಲ್ಲಿ ಹೋಗುವವಳು. ಅದನ್ನು ಯಾರೂ ಮೊದಲು ಕೇಳಲೇ ಇಲ್ಲ. ಗದಗಿನಿಂದ ಅವ್ವ ವಿಡಿಯೊ ಕಾಲ್ ಮಾಡಿದವಳೇ, ‘ಯಾಕವಾ, ಮಾರಿ ಸುಟ್ಕೊಂಡೀಯೇನು?’ ಅಂದಳು. ಇಡೀ ಪ್ರಕರಣದಲ್ಲಿ ಸರಿಯಾದ ಪದ ಬಳಸಿದವಳು ಅವಳೊಬ್ಬಳೇ.

ಲೇಸರ್ ಮೇಲೆ ನನಗೆ ಸಿಟ್ಟಿಲ್ಲ. ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡುವುದೂ ಸುಡುವುದನ್ನೇ. ಅದರ ಕಿರಣವನ್ನು ಚರ್ಮದೊಳಗಿನ ನೀರು ಹೀರಿ ಬಿಸಿಯಾಗುತ್ತದೆ, ಸಣ್ಣ ಸಣ್ಣ ಗಾಯಗಳಾಗುತ್ತವೆ, ಅವು ಮಾಯುವಾಗ ಹೊಸ ಕೊಲಾಜೆನ್ ಹುಟ್ಟಿ ತಗ್ಗು ಸ್ವಲ್ಪ ತುಂಬುತ್ತದೆ. ಆದರೆ ಕಂದು ಚರ್ಮ ಗಾಯವನ್ನು ಸುಮ್ಮನೆ ಸಹಿಸುವುದಿಲ್ಲ. ಕೆರಳಿ ಹೆಚ್ಚು ಮೆಲನಿನ್ ಸುರಿಸುತ್ತದೆ. ಆ ಕಪ್ಪು ತಿಂಗಳುಗಟ್ಟಲೆ ಉಳಿಯಬಹುದು. ಇದು ಗುಟ್ಟಿನ ವಿಷಯವಲ್ಲ, ಯಾವ ಚರ್ಮತಜ್ಞರಿಗೂ ಗೊತ್ತಿರುವುದೇ. 1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಬಿಸಿಲಿಗೆ ಚರ್ಮ ಸ್ಪಂದಿಸುವ ಬಗೆಗಳನ್ನು ವಿಂಗಡಿಸಿದಾಗ ಎದುರಿಗಿದ್ದದ್ದು ಬಿಳಿಯರ ಚರ್ಮ. ಕಂದು, ಕಪ್ಪು ಚರ್ಮದ ವಿಂಗಡಣೆ ಆಮೇಲೆ ಸೇರಿತು. ನಮ್ಮ ಮಾಲ್ ಕ್ಲಿನಿಕ್ಕುಗಳಿಗೆ ಇನ್ನೂ ಸೇರಿದಂತಿಲ್ಲ. ನನ್ನಂಥವಳಿಗೆ ಕಡಿಮೆ ಶಕ್ತಿಯಲ್ಲಿ, ಕಿವಿಯ ಹತ್ತಿರ ಒಂದು ಚೂರು ಜಾಗದಲ್ಲಿ ಪರೀಕ್ಷಿಸಿ, ಕೆಲವು ವಾರ ಕಾದು ನೋಡಬೇಕಿತ್ತು. ಕಾದರೆ ತಿಂಗಳ ಟಾರ್ಗೆಟ್ ಮುಟ್ಟುವುದು ಹೇಗೆ?

ನಿಜವಾದ ಮೋಸ ಇರುವುದು ಗೋಡೆಯ ‘ಮೊದಲು–ನಂತರ’ ಫೋಟೊಗಳಲ್ಲಿ. ನಂತರದ ಹುಡುಗಿಯ ತಗ್ಗು ತುಂಬಿದೆ, ಜೊತೆಗೆ ಅವಳು ಬೆಳ್ಳಗೂ ಆಗಿದ್ದಾಳೆ. ತಗ್ಗು ಬೇರೆ, ಬಣ್ಣ ಬೇರೆ ಸ್ವಾಮಿ. ನಾನು ತೋರಿಸಲು ಹೋದದ್ದು ತಗ್ಗನ್ನು. ಅವರು ಬಣ್ಣವನ್ನೂ ರೋಗದ ಪಟ್ಟಿಗೆ ಸೇರಿಸಿ ಬಿಲ್ ಮಾಡಿದರು.

‘ಇದ್ದ ಹಾಗೆ ಇರಬಾರದಿತ್ತೇ?’ ಎಂದು ಉಪದೇಶಿಸುವ ಗೆಳೆಯರೂ ಇದ್ದಾರೆ. ಅವರ ಕೆನ್ನೆ ನುಣುಪಾಗಿದೆ. ಹದಿನಾರರಿಂದ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲು ಹುಡುಕಿದವಳಿಗೆ ಆ ಮಾತು ಹೇಳಬೇಡಿ. ನಾನು ಚಿಕಿತ್ಸೆ ಬಯಸಿದ್ದು ತಪ್ಪಲ್ಲ. ಅದನ್ನು ದೀಪಾವಳಿ ಆಫರಿನ ಹಾಗೆ ಮಾರಿದ್ದು ತಪ್ಪು. ಊರು ಬಿಟ್ಟು ಬಂದ ನಮ್ಮ ಜೊತೆ ‘ಡಾಕ್ಟರು ಎಲ್ಲಿ?’ ಎಂದು ಗದರಿಸಿ ಕೇಳುವ ಸೋದರಮಾವನೂ ಇರುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತು.

ಉಳಿದ ಸಿಟಿಂಗ್‌ಗಳ ಹಣ ವಾಪಸ್ ಕೇಳಿ ಪತ್ರ ಬರೆದಿದ್ದೇನೆ. ಯಂತ್ರ ಹಿಡಿದವರು ಯಾರು, ಅವರ ನೋಂದಣಿ ಸಂಖ್ಯೆ ಏನು ಎಂದೂ ಕೇಳಿದ್ದೇನೆ. ಉತ್ತರ ಬಂದಿಲ್ಲ. ಕಂತು ಮಾತ್ರ ಪ್ರತಿ ತಿಂಗಳು 5ನೇ ತಾರೀಕಿಗೆ ತಪ್ಪದೆ ಖಾತೆಯಿಂದ ಹೋಗುತ್ತಿದೆ.