ಬೀದಿಯಲ್ಲಿ ಯಾರ ಪಾಲೆಷ್ಟು?

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು 1898ರ ಪ್ಲೇಗಿನ ಸಮಯದಲ್ಲಿ ರೂಪುಗೊಂಡವು. ಅವುಗಳ ಅಡ್ಡರಸ್ತೆಗಳು ಜಟಕಾ, ಎತ್ತಿನ ಗಾಡಿಗಳ ಕಾಲದವು. ಇಕ್ಕೆಲಗಳಲ್ಲೂ ಮನೆಗಳಿರುವುದರಿಂದ ಅವು ಇನ್ನು ಅಗಲವಾಗಲಾರವು. ಅವುಗಳಲ್ಲಿ ಓಡಾಡುವ ಕಾರುಗಳು ಮಾತ್ರ ಬೆಳೆಯುತ್ತಲೇ ಇವೆ. 1983ರಲ್ಲಿ ಬಂದ ಮಾರುತಿ 800 ಕಾರಿನ ಅಗಲ ಸುಮಾರು 1.4 ಮೀಟರು, ತೂಕ 700 ಕಿಲೋಗ್ರಾಮಿಗೂ ಕಡಿಮೆ. ಇಂದಿನ ಭಾರಿ ಕಾರುಗಳಲ್ಲಿ ಹಲವು 1.8 ಮೀಟರಿಗಿಂತ ಅಗಲ, ಎರಡು ಟನ್ನಿನಷ್ಟು ತೂಕ. ಒಳಗೆ ಇಣುಕಿದರೆ ಎಷ್ಟೋ ಸಲ ಕುಳಿತಿರುವವರು ಒಬ್ಬರೇ!

ಒಂದು ಸಂಜೆ ಬಸವನಗುಡಿಯ ಅಡ್ಡರಸ್ತೆಯೊಂದರಲ್ಲಿ ಇಂಥ ಎರಡು ಕಾರುಗಳು ಎದುರುಬದುರಾದವು. ಇಬ್ಬರೂ ಹಿಂದೆ ಸರಿಯಲೊಲ್ಲರು. ತರಕಾರಿ ಮಾರುವವನು ತನ್ನ ತಳ್ಳುಗಾಡಿಯನ್ನು ಚರಂಡಿಯ ಅಂಚಿಗೆ ಒತ್ತಿದನು. ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಗೋಡೆಗೆ ಆತು ನಿಂತಳು. ಅವಳ ತಲೆ ಕಾರಿನ ಮೂತಿಗಿಂತ ಒಂದು ಗೇಣು ಮೇಲಿದ್ದೀತು, ಅಷ್ಟೆ. ಚಾಲಕನಿಗೆ ಅವಳು ಕಂಡಳೋ ಇಲ್ಲವೋ ನಾನರಿಯೆ.

ದೊಡ್ಡ ಕಾರಿನಲ್ಲಿ ಕುಳಿತವರಿಗೆ ಕ್ಷೇಮವೆಂದು ಕೊಳ್ಳುವವರು ಹೇಳುತ್ತಾರೆ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ಕ್ಷೇಮಕ್ಕೆ ಬೆಲೆ ತೆರುವವರು ಹೊರಗಿರುವವರು. ವೇಗ ಒಂದೇ ಆಗಿದ್ದರೂ ದ್ರವ್ಯರಾಶಿ ಇಮ್ಮಡಿಯಾದರೆ ಚಲನಶಕ್ತಿಯೂ ಇಮ್ಮಡಿಯಾಗುವುದೆಂಬುದನ್ನು ವಿಜ್ಞಾನದ ಪಾಠದಲ್ಲಿ ನೀವು ಓದುತ್ತೀರಿ. ತೂಕದ ಮಾತು ಹಾಗಿರಲಿ, ಮೂತಿಯ ಎತ್ತರವೂ ಕೊಲ್ಲುತ್ತದೆ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆಯೊಂದು ಪಾದಚಾರಿಗಳಿಗೆ ಒದಗಿದ ಸುಮಾರು 18,000 ಅಪಘಾತಗಳನ್ನು ಪರಿಶೀಲಿಸಿ 2023ರಲ್ಲಿ ವರದಿಯಿತ್ತಿತು. ಮೂತಿಯು ಒಂದು ಮೀಟರಿಗಿಂತ ಎತ್ತರವಾಗಿರುವ ವಾಹನ ಬಡಿದರೆ, ತಗ್ಗಾದ ಇಳಿಜಾರು ಮೂತಿಯ ಕಾರಿಗಿಂತ ಸಾವಿನ ಸಂಭವ ಶೇಕಡ 45ರಷ್ಟು ಹೆಚ್ಚೆಂದು ಅದು ಕಂಡುಕೊಂಡಿತು.

ಮಲೆನಾಡಿನ ಕೆಸರುದಾರಿಯಲ್ಲಿ ಎಂಟು ಮಂದಿಯನ್ನು ಹೊತ್ತು ಏರುವ ಜೀಪಿನ ಮೇಲೆ ನನ್ನ ದೂರಿಲ್ಲ. ಅದಕ್ಕೆ ಅಲ್ಲಿ ಕೆಲಸವಿದೆ. ಪೇಟೆಯ ಗಲ್ಲಿಯಲ್ಲಿ ಅಂಥದಕ್ಕೇನು ಕೆಲಸ?

ಪ್ಯಾರಿಸ್ ನಗರವು 2024ರ ಫೆಬ್ರವರಿಯಲ್ಲಿ ಈ ಪ್ರಶ್ನೆಯನ್ನು ಜನಮತಕ್ಕೇ ಇಟ್ಟಿತು. ಮತ ಹಾಕಿದವರು ನೂರಕ್ಕೆ ಆರು ಮಂದಿಯೂ ಇರಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದರು. ಅದೇ ಅಕ್ಟೋಬರಿನಿಂದ, ಹೊರಗಿನಿಂದ ಬರುವ 1.6 ಟನ್ನಿಗೆ ಮೀರಿದ ಪೆಟ್ರೋಲು, ಡೀಸೆಲ್ ಕಾರುಗಳಿಗೆ ನಗರದ ನಡುಭಾಗದಲ್ಲಿ ನಿಲುಗಡೆ ಶುಲ್ಕ ಗಂಟೆಗೆ 18 ಯೂರೋ, ಎಂದರೆ ಮೊದಲಿನ ಮೂರು ಪಟ್ಟು, ಆಯಿತು.

ನಮ್ಮ ನಗರಗಳೂ ಕಾರಿನ ಅಳತೆ, ತೂಕ ನೋಡಿ ನಿಲುಗಡೆಗೆ ಶುಲ್ಕ ವಿಧಿಸಲಿ. ಬಂದ ಹಣದಲ್ಲಿ ಆ ಅಡ್ಡರಸ್ತೆಯ ಕಾಲುದಾರಿಯ ಮುರಿದ ಚಪ್ಪಡಿಗಳನ್ನು ಮೊದಲು ಸರಿಪಡಿಸಬಹುದು.