ಸ್ಕ್ರಿಪ್ಟುಗಳ ಕಾಲು ಶತಮಾನ

ಕನ್ನಡಕ್ಕೆ ತಂತ್ರಾಂಶ ಬೇಕೆಂಬ ಕೂಗು ಬೆಂಗಳೂರಿನಷ್ಟೇ ಗಟ್ಟಿಯಾಗಿ ಎದ್ದದ್ದು ಮೂಡಿಗೆರೆಯ ಕಾಫಿ ತೋಟದಿಂದ. ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ‘ಕಾಡಿನ ಕಥೆಗಳು’ ಮಾಲೆಯಾಗಿ ಕನ್ನಡಕ್ಕೆ ತಂದ, ಅಲ್ಲೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ, ಕೊನೆಯ ವರ್ಷಗಳಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ಜತೆ ‘ಕುವೆಂಪು’ ತಂತ್ರಾಂಶಕ್ಕಾಗಿ ಓಡಾಡಿದರು. ಅವರು ತೀರಿಕೊಂಡ 2007ರ ಹೊತ್ತಿಗೆ ನಮ್ಮ ಜಗಳವೆಲ್ಲ ಫಾಂಟು ಮತ್ತು ಕೀಲಿಮಣೆಯ ಸುತ್ತಲೇ ಇತ್ತು. ಅನುವಾದಕರಿಗೆ ಬೇಕಾದ ಸಲಕರಣೆಗಳ ಮಾತು ಎತ್ತಿದವರು ಕಡಿಮೆ. ಅಂದಿನಿಂದ ಇಂದಿನವರೆಗೆ ಏನಾಯಿತೆಂದು ಒಮ್ಮೆ ಹಿಂತಿರುಗಿ ನೋಡುವ ಹೊತ್ತು ಇದು.

ದೊಡ್ಡ ಯಂತ್ರಗಳ ಕಥೆ ಎಲ್ಲರಿಗೂ ಗೊತ್ತು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ನ್ಯೂರಲ್ ತಂತ್ರ ಬಂದು ಅದು ಓದುವಂತಾದದ್ದು 2017ರಲ್ಲಿ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2023ರಲ್ಲಿ ಇಂಡಿಕ್‌ಟ್ರಾನ್ಸ್2 ಅನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟಿತು. ಕರಡು ಈಗ ಕ್ಷಣದಲ್ಲಿ ಸಿಗುತ್ತದೆ. ಆಮೇಲಿನ ಕೆಲಸವಿದೆಯಲ್ಲ, ಒಂದೇ ಪದವನ್ನು ಪುಸ್ತಕದುದ್ದಕ್ಕೂ ಒಂದೇ ರೀತಿ ಬಳಸಿದ್ದೇವೆಯೇ, ಅಂಕಿಗಳು ತಪ್ಪಿಲ್ಲವೇ ಎಂದು ನೋಡುವ ಚಾಕರಿ, ಅದು ಅನುವಾದಕರ ತಲೆ ಮೇಲೇ ಉಳಿದಿದೆ. ಅದನ್ನು ಹಗುರ ಮಾಡುವುದು ಹತ್ತಿಪ್ಪತ್ತು ಸಾಲಿನ ಪುಟ್ಟ ಪ್ರೋಗ್ರಾಮುಗಳು, ಅಂದರೆ ಸ್ಕ್ರಿಪ್ಟುಗಳು.

ಹೇಮಾವತಿ ಹುಟ್ಟುವ ಜಾವಳಿಯಂಥ ಊರಲ್ಲಿ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವಂತಿಲ್ಲ. ಅಲ್ಲಿ ಕೂತು ಅನುವಾದ ಮಾಡುವವರಿಗೆ ನೆಟ್ ಇಲ್ಲದೆಯೂ ಓಡುವ ಓಮೆಗಾಟಿಯಂಥ ಉಚಿತ ತಂತ್ರಾಂಶವೇ ವಾಸಿ. ಅದರಲ್ಲಿ ಗ್ರೂವಿ ಭಾಷೆಯ ಸ್ಕ್ರಿಪ್ಟು ಬರೆದು ಹನ್ನೆರಡು ಗುಂಡಿಗಳಿಗೆ ಜೋಡಿಸಿಕೊಳ್ಳಬಹುದು. ಸೌಲಭ್ಯವೇನೋ ಇದೆ. ಕನ್ನಡ ಅದರೊಳಗೆ ಕಾಲಿಟ್ಟಾಗ ತೊಡಕು ಶುರುವಾಗುತ್ತದೆ.

ಕಾಫಿ ಕೀಟಗಳ ಕುರಿತ ಒಂದು ಕೈಪಿಡಿಯನ್ನೇ ತೆಗೆದುಕೊಳ್ಳಿ. ಪದಪಟ್ಟಿಯಲ್ಲಿ ‘ಬೋರರ್’ ಎಂದಿದೆ. ಅನುವಾದದಲ್ಲಿ ‘ಬೋರರಿನ ಹಾವಳಿ’ ಎಂದು ಬರೆದಿದ್ದೀರಿ. ತಪಾಸಣೆಯ ಸ್ಕ್ರಿಪ್ಟು ಪದ ಕಾಣೆಯಾಗಿದೆ ಎಂದು ದೂರುತ್ತದೆ. ಕಾರಣ, ‘ಬೋರರ್’ ಕೊನೆಯಲ್ಲಿ ಹಲಂತದ ಚಿಹ್ನೆಯಿದೆ. ವಿಭಕ್ತಿ ಹತ್ತಿದೊಡನೆ ಅದು ಮಾಯ. ‘ಎಸ್ಟೇಟ್’ ‘ಎಸ್ಟೇಟಿನಲ್ಲಿ’ ಆದಾಗಲೂ ಇದೇ ಪಾಡು. ಹೋಗಲಿ, ಪದದ ಮೊದಲ ಭಾಗ ಕೂಡಿದರೆ ಸಾಕು ಎಂದು ಸಡಿಲ ಬಿಟ್ಟರೆ ‘ಹಳ್ಳ’ ಹುಡುಕಲು ಹೋದದ್ದು ‘ಹಳ್ಳಿ’ಗಳನ್ನೆಲ್ಲ ಹಿಡಿದು ತರುತ್ತದೆ. ಯೂನಿಕೋಡಿನಲ್ಲಿ ‘ಹಳ್ಳಿ’ ಅಂದರೆ ‘ಹಳ್ಳ’ದ ಹಿಂದೆ ಒಂದು ಗುಡಿಸು, ಅಷ್ಟೇ. ಪೈಥಾನ್ ಭಾಷೆಯ ಮಾಮೂಲಿ ಹುಡುಕು ಸೂತ್ರಕ್ಕಂತೂ ‘ಕಾಫಿ’ ಒಂದು ಪದವೇ ಅಲ್ಲ: ಸ್ವರಚಿಹ್ನೆಗಳನ್ನು ಅದು ಅಕ್ಷರವೆಂದು ಒಪ್ಪುವುದಿಲ್ಲ, ‘ಕ’ ಬೇರೆ ‘ಫ’ ಬೇರೆ ಎಂದು ಒಡೆದು ಕೊಡುತ್ತದೆ. ಬೇರೊಂದು ಲೈಬ್ರರಿ ಹಾಕಿಕೊಂಡರೆ ಇದು ಸರಿಹೋಗುತ್ತದೆ. ಹಾಗೆಂದು ಕನ್ನಡದಲ್ಲಿ ಬರೆದಿಟ್ಟವರು ಎಷ್ಟು ಜನ?

ಇನ್ನು ಹಳೆಯ ಕಡತಗಳು. ನುಡಿ, ಬರಹ ತಂತ್ರಾಂಶಗಳ ಕಾಲದ ಪಠ್ಯದಿಂದ ಫಾಂಟು ತೆಗೆದರೆ ಉಳಿಯುವುದು ಲ್ಯಾಟಿನ್ ಅಕ್ಷರಗಳ ಕಸ. ಅದರಲ್ಲಿ ಅರ್ಕಾವತ್ತು ವ್ಯಂಜನದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರೇಫವೇ ಮೊದಲು. ಈ ಹಿಂದುಮುಂದನ್ನು ನೇರ ಮಾಡುವ ಪೈಥಾನ್ ಪರಿವರ್ತಕವನ್ನು ಬರೆದು ಮುಕ್ತವಾಗಿ ಹಂಚಿದವರು ಅರವಿಂದ ವಿ.ಕೆ. ಎಂಬ ತಂತ್ರಜ್ಞರು, ಯಾವ ಸಮಿತಿಯೂ ಅಲ್ಲ. ಹಳೆಯ ಅನುವಾದಗಳನ್ನು ಅನುವಾದ ಸ್ಮೃತಿಗೆ, ಅಂದರೆ ಹಿಂದೆ ಮಾಡಿದ ಸಾಲುಗಳನ್ನು ಮತ್ತೆ ಒದಗಿಸುವ ಸಂಗ್ರಹಕ್ಕೆ, ಸೇರಿಸಬೇಕೆಂದರೆ ಇಂಥ ಪರಿವರ್ತನೆಯಾಗದೆ ಒಂದು ಸಾಲೂ ಮುಂದೆ ಹೋಗದು. ಸರ್ಕಾರ ಯೂನಿಕೋಡನ್ನು ಶಿಷ್ಟತೆಯೆಂದು ಒಪ್ಪಿ ದಶಕ ದಾಟಿದರೂ ನುಡಿಯ ಕಡತಗಳು ಮುದ್ರಣಾಲಯಗಳಿಂದ ಇನ್ನೂ ಬರುತ್ತಲೇ ಇವೆ.

ಒಟ್ಟಿನಲ್ಲಿ ಫಾಂಟು, ಕೀಲಿಮಣೆಗಳಲ್ಲಿ ಗೆದ್ದಿದ್ದೇವೆ. ಯಂತ್ರಾನುವಾದವನ್ನು ಬೇರೆಯವರು ಮಾಡಿಕೊಟ್ಟರು. ನಡುವಿನ ಸಣ್ಣ ಕೆಲಸಗಳಲ್ಲಿ, ಅಂದರೆ ವಿಭಕ್ತಿ ಬಿಡಿಸಿ ಮೂಲಪದ ಹಿಡಿಯುವ ತಂತ್ರ, ಕನ್ನಡ ಬಲ್ಲ ತಪಾಸಣೆ, ಇವುಗಳಲ್ಲಿ ತೀರಾ ಹಿಂದಿದ್ದೇವೆ. ಓಮೆಗಾಟಿ ಆತುಕೊಂಡಿರುವ ಲೂಸೀನ್ ಲೈಬ್ರರಿಯಲ್ಲಿ ಹಿಂದಿಗೆ ಮೂಲಪದ ಹಿಡಿಯುವ ವ್ಯವಸ್ಥೆಯಿದೆ, ಕನ್ನಡಕ್ಕಿಲ್ಲ. ಇದನ್ನು ಕೇಂದ್ರದ ಮಲತಾಯಿ ಧೋರಣೆ ಎಂದು ಬಯ್ದು ಫಲವಿಲ್ಲ. ಲೂಸೀನ್ ಮುಕ್ತ ತಂತ್ರಾಂಶ. ಬರೆದು ಸೇರಿಸಲು ಯಾರ ಅಪ್ಪಣೆಯೂ ಬೇಡ.

ಸಂಸ್ಥೆಗಳಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವಿರಲಿ, ನಮ್ಮ ವಿಶ್ವವಿದ್ಯಾಲಯಗಳಿರಲಿ, ತಮ್ಮ ಪಾರಿಭಾಷಿಕ ಪದಪಟ್ಟಿಗಳನ್ನು ಯೂನಿಕೋಡಿನ ಸಾದಾ ಪಠ್ಯದಲ್ಲಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಹೊರಗಿಡಲಿ. ಅನುವಾದಕ ಓದುಗರೇ, ನಿಮ್ಮ ಗಣಕದ ಮೂಲೆಯಲ್ಲಿ ನೀವೇ ಬರೆದುಕೊಂಡ ಒಂದು ಸ್ಕ್ರಿಪ್ಟು ಇದ್ದರೆ, ಅದು ಏನು ಮಾಡುತ್ತದೆಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಂಚಿ.