ಹೆಡ್‌ಫೋನ್ ಚೆನ್ನಾಗಿದೆಯೋ, ಧ್ವನಿ ಜೋರಾಗಿದೆಯೋ?

ಮಕ್ಕಳೇ, ಇಬ್ಬರು ಗೆಳೆಯರು ತಮ್ಮ ಹೆಡ್‌ಫೋನ್‌ಗಳನ್ನು ಹೋಲಿಸುವುದನ್ನು ನೀವು ನೋಡಿರಬಹುದು. ಯಾವುದು ಜೋರಾಗಿ ಹಾಡುತ್ತದೆಯೋ ಅದೇ ಒಳ್ಳೆಯದು ಎಂದು ತೀರ್ಮಾನವಾಗುತ್ತದೆ. ಈ ತೀರ್ಮಾನ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆ ಗೊತ್ತೇ?

ಒಂದು ಪ್ರಯೋಗ ಮಾಡಿ. ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ನಮ್ಮ ರೋಣದಲ್ಲಿಯೇ. ಅವರ ಒಂದು ಹಾಡನ್ನು ಹೆಡ್‌ಫೋನ್‌ನಲ್ಲಿ ಹದವಾದ ಧ್ವನಿಯಲ್ಲಿ ಕೇಳಿ. ನಂತರ ಧ್ವನಿಯನ್ನು ನಿಧಾನವಾಗಿ ಇಳಿಸಿ. ಗಾಯಕರ ದನಿ ಇನ್ನೂ ಸ್ಪಷ್ಟವಾಗಿರುವಾಗಲೇ ತಬಲಾದ ಎಡಗೈಯ ಗುಂಕಾರ ತೆಳುವಾಗುತ್ತದೆ, ಅಲ್ಲವೇ? ಹೆಡ್‌ಫೋನ್ ಮೊದಲಿನದೇ, ಹಾಡೂ ಮೊದಲಿನದೇ. ಬದಲಾದದ್ದು ನಿಮ್ಮ ಕಿವಿ ಕೇಳಿಸಿಕೊಳ್ಳುವ ರೀತಿ.

ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಹೆಡ್‌ಫೋನ್ ಬಳಸಿಯೇ ಇದನ್ನು ಅಳೆದು 1933ರಲ್ಲಿ ಪ್ರಕಟಿಸಿದರು. ನಮ್ಮ ಕಿವಿಗೆ ತಗ್ಗು ಸ್ವರಗಳು ಸುಲಭವಾಗಿ ಕೇಳಿಸುವುದಿಲ್ಲ. ಸೆಕೆಂಡಿಗೆ 1000 ಸಲ ಕಂಪಿಸುವ ಸ್ವರ 40 ಡೆಸಿಬೆಲ್ ಇದೆ ಎನ್ನಿ. ಸೆಕೆಂಡಿಗೆ 100 ಸಲ ಕಂಪಿಸುವ ತಗ್ಗು ಸ್ವರ ಅಷ್ಟೇ ಜೋರಾಗಿ ಕೇಳಿಸಬೇಕಾದರೆ ಸುಮಾರು 64 ಡೆಸಿಬೆಲ್ ಬೇಕು. ಮೊದಲ ಸ್ವರವನ್ನು 80ಕ್ಕೆ ಏರಿಸಿದರೆ ಎರಡನೆಯದಕ್ಕೆ ಸುಮಾರು 92 ಸಾಕು. ಅಂದರೆ 24 ಇದ್ದ ಅಂತರ 12ಕ್ಕೆ ಇಳಿಯಿತು. ಧ್ವನಿ ಏರಿಸಿದೊಡನೆ ಹಾಡು ತುಂಬಿಕೊಂಡಂತೆ ಕೇಳಿಸುವುದು ಇದರಿಂದಲೇ. ಆದ್ದರಿಂದ ಎರಡು ಹೆಡ್‌ಫೋನ್‌ಗಳನ್ನು ಹೋಲಿಸುವಾಗ ಎರಡರ ಧ್ವನಿಯನ್ನೂ ಸಮನಾಗಿಸಿಕೊಳ್ಳಬೇಕು.

ಹಾಗಾದರೆ ಜೋರಾಗಿಯೇ ಕೇಳೋಣ ಎನ್ನುವಿರಾ? ಬೇಡ. ಅತಿಯಾಗಿ ಏರಿಸಿದರೆ ಹೆಡ್‌ಫೋನ್‌ನ ಪುಟ್ಟ ಪರದೆ ಮಿತಿ ಮೀರಿ ಅದುರಿ ಸ್ವರ ಒಡೆಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಕಿವಿಯದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳಿರುವ ಮಿತಿ 75 ಡೆಸಿಬೆಲ್, ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿ ಅರ್ಧವಾಗುತ್ತದೆ. 78ಕ್ಕೆ 20 ಗಂಟೆ, 81ಕ್ಕೆ 10 ಗಂಟೆ. 90ಕ್ಕೆ ಎಷ್ಟು? ಲೆಕ್ಕ ಹಾಕಿ ನೋಡಿ. ವಾರಕ್ಕೆ ಒಂದೂಕಾಲು ಗಂಟೆ ಮಾತ್ರ!

ರೋಣದಿಂದ ನರಗುಂದಕ್ಕೋ ಗಜೇಂದ್ರಗಡಕ್ಕೋ ಬಸ್ಸಿನಲ್ಲಿ ಹೋಗುವಾಗ ಇನ್ನೂ ಎಚ್ಚರ ಬೇಕು. ಎಂಜಿನ್ನಿನ ಗುಡುಗುಡು ಸದ್ದು ಹಾಡಿನ ತಗ್ಗು ಸ್ವರಗಳನ್ನು ಮುಚ್ಚಿಹಾಕುತ್ತದೆ. ನಮಗೆ ಅರಿವಿಲ್ಲದೆಯೇ ಬೆರಳು ಧ್ವನಿ ಏರಿಸುತ್ತದೆ. ಬಸ್ಸಿನಲ್ಲಿ ಹೆಡ್‌ಫೋನ್ ತೆಗೆದಿಡುವುದೇ ಜಾಣತನ.

ಮೆಲ್ಲಗೆ ಕೇಳಿದರೆ ಹಾಡು ಸಪ್ಪೆ ಎನಿಸಿದರೆ ದಾರಿಯಿದೆ. ಅನೇಕ ಮೊಬೈಲ್‌ಗಳಲ್ಲಿ ಈಕ್ವಲೈಜರ್ ಇರುತ್ತದೆ. ಅದರಲ್ಲಿ ತಗ್ಗು ಸ್ವರಗಳನ್ನಷ್ಟೇ ತುಸು ಹೆಚ್ಚಿಸಿಕೊಳ್ಳಿ. ಕಿವಿಗೆ ಸರಿಯಾಗಿ ಕೂರದ ಇಯರ್‌ಫೋನ್‌ನಿಂದಲೂ ತಗ್ಗು ಸ್ವರ ಸೋರಿಹೋಗುತ್ತದೆ. ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಶಿಕ್ಷಕರು ಮೇಲಿನ ಪ್ರಯೋಗವನ್ನು ತರಗತಿಯಲ್ಲೇ ಮಾಡಿಸಿದರೆ ಶಬ್ದದ ಪಾಠ ಮಕ್ಕಳಿಗೆ ಚೆನ್ನಾಗಿ ನಾಟುತ್ತದೆ.

ಬಾಲಕ ಭೀಮಸೇನರನ್ನು ಸಂಗೀತದತ್ತ ಸೆಳೆದದ್ದು ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟೆ. ಕರಕರ ಸದ್ದಿನ ಆ ಕಾಲದ ತಟ್ಟೆಗೆ ಇಂದಿನ ಸಾಧಾರಣ ಹೆಡ್‌ಫೋನ್‌ನಷ್ಟೂ ಗುಣಮಟ್ಟವಿರಲಿಲ್ಲ. ಆದರೆ ಕೇಳುವ ಕಿವಿ ಚುರುಕಾಗಿತ್ತು. ಹೆಡ್‌ಫೋನ್ ಕೆಟ್ಟರೆ ಹೊಸದು ಕೊಳ್ಳಬಹುದು; ಕಿವಿಯನ್ನು ನೀವೇ ಕಾಪಾಡಿಕೊಳ್ಳಬೇಕು.